ಪೋಷಕರ ಸಭೆಯ ತಪ್ಪು ಲೆಕ್ಕ

ನಮ್ಮ ಶಾಲೆಗಳ ಪೋಷಕರ ಸಭೆ ಬಹುಪಾಲು ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ‘ಮನೇಲಿ ಸ್ವಲ್ಪ ಕೂರಿಸಿಕೊಂಡು ಓದಿಸಿ.’ ಅಷ್ಟರಲ್ಲಿ ಪ್ರೋಗ್ರೆಸ್ ಕಾರ್ಡ್ ಕೈಗೆ ಬಂದಿರುತ್ತದೆ, ಕಡಿಮೆ ಬಂದ ಅಂಕಗಳ ಮೇಲೆ ಮೇಷ್ಟ್ರ ಬೆರಳು ಹಾದಿರುತ್ತದೆ, ಮಗು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತದೆ. ಸಹಿ ಹಾಕಿ ಎದ್ದರೆ ಮುಂದಿನವರ ಸರದಿ. ನಗರದ ಖಾಸಗಿ ಶಾಲೆಯಲ್ಲೂ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲೂ ನಾನು ಕಂಡದ್ದು ಹೆಚ್ಚುಕಡಿಮೆ ಇದನ್ನೇ. ತಂದೆತಾಯಿ ಗಮನ ಕೊಟ್ಟರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ನಂಬಿಕೆ ಸುಳ್ಳಲ್ಲ. ಆದರೆ ಎಂಥ ಗಮನ ಎಂದು ಸಭೆ ಕೇಳುವುದೇ ಇಲ್ಲ. ಕೇಳದೆ, ಹೆತ್ತವರಿಗೆ ಅವರದಲ್ಲದ ಕೆಲಸವನ್ನು ಹೊರಿಸಿ ಕಳಿಸುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೀತ್ ರಾಬಿನ್ಸನ್ ಮತ್ತು ಏಂಜೆಲ್ ಹ್ಯಾರಿಸ್ 2014ರಲ್ಲಿ ‘ದ ಬ್ರೋಕನ್ ಕಂಪಸ್’ ಎಂಬ ಪುಸ್ತಕ ಪ್ರಕಟಿಸಿದರು. ಅವರ ದೇಶದಲ್ಲಿ ವರ್ಷಗಟ್ಟಲೆ ನಡೆದ ರಾಷ್ಟ್ರೀಯ ಸಮೀಕ್ಷೆಗಳನ್ನು ಜಾಲಾಡಿ, ಹೆತ್ತವರು ಮಾಡುವ ಯಾವ ಕೆಲಸದಿಂದ ಮಕ್ಕಳ ಅಂಕ ಏರುತ್ತದೆ ಎಂದು ಒಂದೊಂದಾಗಿ ನೋಡಿದರು. ಹೋಂವರ್ಕ್ ಮಾಡಿಸುವುದು, ಶಾಲೆಯ ಸಭೆಗೆ ಹಾಜರಾಗುವುದು, ಅಂಕ ಕಡಿಮೆಯಾದಾಗ ದಂಡಿಸುವುದು ಮುಂತಾದ ಹೆಚ್ಚಿನವುಗಳಿಂದ ಗಟ್ಟಿಯಾದ ಲಾಭ ಕಾಣಲಿಲ್ಲ. ಕೆಲವು ಕಡೆ ನಷ್ಟವೇ ಕಂಡಿತು. ಲಾಭ ಕಂಡ ಕೆಲವೇ ಸಂಗತಿಗಳು ಬಹಳ ಸರಳ: ಚಿಕ್ಕ ಮಕ್ಕಳಿಗೆ ಪುಸ್ತಕ ಓದಿ ಹೇಳುವುದು, ಬೆಳೆದ ಮಕ್ಕಳ ಜೊತೆ ಮುಂದಿನ ಓದಿನ ಬಗ್ಗೆ ಕೂತು ಮಾತಾಡುವುದು.

ಈ ಪುಸ್ತಕಕ್ಕೆ ಒಂದು ಮಿತಿಯಿದೆ. ಸಮೀಕ್ಷೆ ಎಷ್ಟು ಸಲ ಎಂದು ಎಣಿಸಬಲ್ಲದು, ಹೇಗೆ ಎಂದು ನೋಡಲಾರದು. ಅಕ್ಕರೆಯಿಂದ ಪಕ್ಕದಲ್ಲಿ ಕೂತ ಅಪ್ಪನೂ ಬೈಯುತ್ತಾ ಪೆನ್ಸಿಲ್ ಕಿತ್ತುಕೊಂಡ ಅಪ್ಪನೂ ಅದರ ಲೆಕ್ಕದಲ್ಲಿ ಒಂದೇ. ಜೊತೆಗೆ, ಹಿಂದೆ ಬಿದ್ದ ಮಗುವಿಗೇ ತಾನೇ ಮನೆಯವರು ಹೆಚ್ಚು ಹೋಂವರ್ಕ್ ಮಾಡಿಸುವುದು? ಲೇಖಕರು ಮಗುವಿನ ಹಿಂದಿನ ಸಾಧನೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರಾದರೂ ಈ ಗಂಟು ಪೂರ್ತಿ ಬಿಡುವುದಿಲ್ಲ. ಆ ‘ಹೇಗೆ’ಯ ಒಂದು ಸುಳಿವು ಆಗ ಶಿಕಾಗೋದಲ್ಲಿದ್ದ ಮನೋವಿಜ್ಞಾನಿ ಸಿಯನ್ ಬೈಲಾಕ್ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿದೆ. ಒಂದು, ಎರಡನೇ ತರಗತಿಯ ಮಕ್ಕಳನ್ನು ಅವರು ಒಂದು ಶಾಲಾವರ್ಷ ಗಮನಿಸಿದರು. ಗಣಿತ ಎಂದರೆ ಅಂಜುವ ತಂದೆತಾಯಿ ಪದೇ ಪದೇ ಹೋಂವರ್ಕ್‌ಗೆ ನೆರವಾದ ಮನೆಗಳಲ್ಲಿ ಮಕ್ಕಳು ಗಣಿತವನ್ನು ಕಡಿಮೆ ಕಲಿತರು, ಹೆತ್ತವರ ಅಂಜಿಕೆಯನ್ನೂ ಅಂಟಿಸಿಕೊಂಡರು. ಅಂಥದೇ ಅಂಜಿಕೆಯಿದ್ದೂ ಹೋಂವರ್ಕ್‌ಗೆ ಅಷ್ಟಾಗಿ ಕೈಹಾಕದ ಮನೆಗಳಲ್ಲಿ ಈ ಹಾನಿ ಕಾಣಲಿಲ್ಲ.

ಇದನ್ನು ಓದಿದ ಮೇಲೆ ‘ಕೂರಿಸಿಕೊಂಡು ಓದಿಸಿ’ ಎಂಬ ಮಾತು ನನಗೆ ಹಗುರವಾಗಿ ಕೇಳಿಸುವುದಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ತಾಯಿಯ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾಳೆ ಎಂದುಕೊಳ್ಳಿ. ಗಾರ್ಮೆಂಟ್ಸ್ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತು ಮನೆಗೆ ಬಂದು ಒಲೆ ಹಚ್ಚುವ ಆಕೆ ವಿಜ್ಞಾನದ ಪಾಠವನ್ನು ಇಂಗ್ಲಿಷಿನಲ್ಲಿ ಹೇಗೆ ಓದಿಸಬೇಕು? ಆಕೆಗೆ ಉಳಿದಿರುವುದು ಎರಡೇ ದಾರಿ: ಸಂಬಳದಲ್ಲಿ ಒಂದು ಪಾಲು ತೆಗೆದು ಟ್ಯೂಷನ್‌ಗೆ ಕಟ್ಟುವುದು, ಇಲ್ಲವೇ ಮಗಳನ್ನು ಗದರುವುದು. ಸಭೆಯಲ್ಲಿ ಆದ ಅವಮಾನ ಮನೆಯಲ್ಲಿ ಏಟಾಗಿ ಇಳಿಯುವುದು ಎಷ್ಟು ಸಾಮಾನ್ಯ ಎಂದು ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಸಭೆಗೆ ಬರಲು ಅರ್ಧ ದಿನದ ಕೂಲಿ ಬಿಟ್ಟವರನ್ನು ಬರಿಗೈಯಲ್ಲಿ, ತಪ್ಪಿತಸ್ಥರಂತೆ ವಾಪಸು ಕಳಿಸುವುದು ಅನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಶಾಲೆಗಳು ಹೇಳುವ ‘ಮನೆ ವಾತಾವರಣ ಸರಿಯಿಲ್ಲ’ ಎಂಬ ಮಾತಿಗೂ ಹಳೆಯ ಆಧಾರವಿದೆ. ಮಕ್ಕಳ ಸಾಧನೆಯಲ್ಲಿ ಕಾಣುವ ಅಂತರಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚಿನ ಕಾರಣ ಎಂದು 1966ರಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದ ಅಮೆರಿಕದ ವರದಿ ಹೇಳಿತ್ತು. ಅದನ್ನು ಶಾಲೆಗಳು ನುಣುಚಿಕೊಳ್ಳುವ ದಾರಿಯಾಗಿ ಬಳಸಿಕೊಂಡರೆ ಆ ವರದಿಗೂ ದ್ರೋಹ, ಮಗುವಿಗೂ ದ್ರೋಹ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಶಾಲೆಯೇ ಹೆಚ್ಚು ಬೇಕು.

ಕಾನೂನು ಈ ವಿಷಯದಲ್ಲಿ ರೂಢಿಗಿಂತ ವಿವೇಕದಿಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಶಿಕ್ಷಕರು ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು. ಓದಿಸುವ ಹೊಣೆಯನ್ನು ಮನೆಗೆ ದಾಟಿಸಿ ಎಂದು ಅಲ್ಲಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಕರ್ನಾಟಕವಂತೂ ಅದಕ್ಕೂ ಮೊದಲೇ, ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ತಂದಿತ್ತು. ಆದರೆ ನಾನು ಕೂತು ಕೇಳಿದ ಎಸ್‌ಡಿಎಂಸಿ ಸಭೆಗಳಲ್ಲಿ ಮಾತು ಕಾಂಪೌಂಡು, ಬಿಸಿಯೂಟ, ಶೌಚಾಲಯದ ನೀರಿನಿಂದ ಆಚೆ ಹೋಗಲಿಲ್ಲ. ಅವೆಲ್ಲ ಬೇಕಾದವೇ. ಮೂರನೇ ತರಗತಿಯ ಮಗು ಕನ್ನಡದ ಒಂದು ವಾಕ್ಯವನ್ನು ತಡವರಿಸದೆ ಓದುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಶಿಕ್ಷಣ ಇಲಾಖೆಯ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಆ ಪ್ರಶ್ನೆಗೆ ಹತ್ತಿರ ಬರುತ್ತದೆ; ಮಗು ಕಲಿತದ್ದನ್ನು ಹೆತ್ತವರ ಕಣ್ಣೆದುರಿಗೇ ಇಡಬೇಕೆಂಬುದು ಅದರ ಆಶಯ. ಮಾತನ್ನು ಅಂಕದಿಂದ ಕಲಿಕೆಗೆ ತಿರುಗಿಸುವ ಈ ಆಶಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಭಾಷಣ, ಸ್ವಾಗತಗೀತೆಗಳಲ್ಲೇ ಹೊತ್ತು ಕಳೆದುಹೋಗದಿದ್ದರೆ ಸಾಕು.

ಓದುಬರಹ ಬಾರದ ತಾಯಿಗೆ ಮಾಡಲು ಏನೂ ಇಲ್ಲವೇ? ಇದೆ. ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ಕೆಲವು ಊರುಗಳ ತಾಯಂದಿರಿಗೆ ಅಕ್ಷರ, ಲೆಕ್ಕ ಕಲಿಸಲಾಯಿತು. ಇನ್ನು ಕೆಲವು ಊರುಗಳಲ್ಲಿ ವಾರವಾರ ಮನೆಗೆ ಹೋಗಿ, ತಾಯಿ ಮಗು ಜೊತೆಯಾಗಿ ಮಾಡುವಂಥ ಚಟುವಟಿಕೆಯ ಹಾಳೆ ಕೊಡಲಾಯಿತು. ಮೂರನೆಯ ಗುಂಪಿಗೆ ಎರಡೂ ಸಿಕ್ಕವು. ಮಕ್ಕಳ ಗಣಿತದಲ್ಲಿ ಏರಿಕೆ ಕಂಡಿತು. ಏರಿಕೆ ಸಣ್ಣದು, ಅದನ್ನು ಹಿಗ್ಗಿಸಿ ಹೇಳುವುದು ಬೇಡ. ಆದರೆ ಆ ತಾಯಂದಿರಿಗೆ ‘ಓದಿಸಿ’ ಎಂದು ಬಾಯಿಮಾತಿನ ಅಪ್ಪಣೆ ಸಿಗಲಿಲ್ಲ. ಕೈಗೊಂದು ಹಾಳೆ, ಹೇಳಿಕೊಡಲು ಒಬ್ಬರು ಸಿಕ್ಕರು.

ಸಭೆಯಿಂದ ಶಾಲೆಗೆ ಏನು ಸಿಗಬೇಕು ಎಂಬುದನ್ನಂತೂ ನಾವು ಯೋಚಿಸಿಯೇ ಇಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಅಧ್ಯಯನ ಪ್ರಕಟಿಸಿದರು. ತೂಕ, ದರ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುವ ಆ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಲೆಕ್ಕಕ್ಕೆ ಸೋಲುತ್ತಿದ್ದರು. ನಮ್ಮ ಸಂತೆಗಳಲ್ಲಿ ಅಪ್ಪನ ಪಕ್ಕ ಕೂತು ಟೊಮೆಟೊ ತೂಗುವ ಹುಡುಗಿಯ ಪ್ರೋಗ್ರೆಸ್ ಕಾರ್ಡಿನಲ್ಲಿ ಗಣಿತಕ್ಕೆ ಕಡಿಮೆ ಅಂಕ ಇರಬಹುದು. ಅವಳಿಗೆ ಲೆಕ್ಕ ಬರುತ್ತದೆಂದು ಅಪ್ಪನಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿಲ್ಲ. ಇಬ್ಬರೂ ಎದುರುಬದುರು ಕೂರುವುದು ಇದೊಂದೇ ಸಭೆಯಲ್ಲಿ. ಅಲ್ಲಿ ಮೇಷ್ಟ್ರು ‘ಇವಳು ಮನೇಲಿ ಏನೇನು ಚೆನ್ನಾಗಿ ಮಾಡ್ತಾಳೆ, ಹೇಳಿ’ ಎಂದು ಮೊದಲು ಕೇಳಿದರೆ, ಮರುದಿನದ ಗಣಿತದ ಪಾಠವನ್ನು ಟೊಮೆಟೊ ಬುಟ್ಟಿಯಿಂದಲೇ ಶುರುಮಾಡಬಹುದು.