ಆಕಿ ಮಾಡಿದ್ದನ್ನ ಅವ ಉಂಡ್ನಾ?

ಸಿರುಗುಪ್ಪದಾಗ ಕೂತು ಒಂದು ಇಂಗ್ಲಿಷ್ ಕಾದಂಬರಿ ಬಗ್ಗೆ ನಾವು ಯಾಕೆ ಬರೆಯಬೇಕು ಎಂದು ಗೆಳೆಯರು ಕೇಳಬಹುದು. ನಮ್ಮಲ್ಲೇ ಕೆಲವರು ಕೇಳಿದರು. ಭತ್ತದ ರೇಟು ಬಿದ್ದೈತಿ, ಕಾಲುವೆ ನೀರು ಕೊನೇ ಹೊಲಕ್ಕ ಮುಟ್ಟಿಲ್ಲ, ನಿಮಗ ಅಮೆರಿಕದ ದೇವರ ಚಿಂತಿ ಅಂದರು.

ಪುಸ್ತಕವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ನಮ್ಮ ಕೇರಿಯಿಂದ ಚರ್ಚಿಗೆ ಹೋಗುವ ಒಬ್ಬ ಮೇಷ್ಟ್ರಿಗೆ ಯಾರೋ ಅದನ್ನು ಕೊಟ್ಟರು. ಇದನ್ನು ಓದಬೇಡಿ, ದೇವದೂಷಣೆ ಐತಿ ಎಂದು ಒಬ್ಬ ಪಾಸ್ಟರು ಪ್ರಸಂಗದಲ್ಲಿ ಹೇಳಿದರು. ಬೇಡ ಅಂದ ಮೇಲೆ ಓದದೆ ಇರಲು ನಾವೇನು ಅಷ್ಟು ವಿಧೇಯರೇ? ಮೇಷ್ಟ್ರು ಇಂಗ್ಲಿಷಿನಲ್ಲಿ ಓದಿಕೊಂಡು ಸಂಜೆ ಹೊತ್ತು ಕನ್ನಡದಲ್ಲಿ ಹೇಳುತ್ತಾ ಹೋದರು. ಅಕ್ಷರ ಬಾರದ ಹೆಣ್ಣುಮಕ್ಕಳೂ ಬಂದು ಕೂತರು. ಹಾಗಾಗಿ ನಾವು ಇಲ್ಲಿ ಓದುಗರು ಎಂದಾಗ ಕೇಳಿದವರೂ ಸೇರಿದ್ದಾರೆ.

ಪುಸ್ತಕದ ಹೆಸರು 'ದಿ ಶ್ಯಾಕ್', ಪಾಳು ಜೋಪಡಿ. ಬರೆದವನು ಕೆನಡಾದಲ್ಲಿ ಹುಟ್ಟಿದ ವಿಲಿಯಂ ಪಾಲ್ ಯಂಗ್. ತನ್ನ ಮಕ್ಕಳಿಗೆಂದು ಬರೆದು ಮೊದಲು 15 ಪ್ರತಿ ಮಾಡಿಸಿದ್ದ. ಪ್ರಕಾಶಕರು ಒಲ್ಲೆ ಎಂದರು. ಗೆಳೆಯರೇ ಸೇರಿ 2007ರಲ್ಲಿ ಅಚ್ಚು ಹಾಕಿಸಿದರು. ಒಂದು ಕೋಟಿ ಮೀರಿ ಖರ್ಚಾಯಿತು. 2017ರಲ್ಲಿ ಸಿನಿಮಾ ಆಯಿತು. ಮ್ಯಾಕ್ ಎಂಬ ಬಿಳಿಯನ ಚಿಕ್ಕ ಮಗಳನ್ನು ಒಬ್ಬ ಕೊಲೆಗಾರ ಹೊತ್ತುಕೊಂಡು ಹೋಗುತ್ತಾನೆ. ಕಾಡಿನ ಜೋಪಡಿಯೊಂದರಲ್ಲಿ ಆಕೆಯ ರಕ್ತಸಿಕ್ತ ಲಂಗ ಸಿಗುತ್ತದೆ, ಹೆಣ ಸಿಗುವುದಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಜೋಪಡಿಗೆ ಬಾ ಎಂದು ದೇವರಿಂದ ಚೀಟಿ ಬರುತ್ತದೆ. ಹೋಗಿ ನೋಡಿದರೆ ಬಾಗಿಲು ತೆರೆದು ಅಪ್ಪಿಕೊಳ್ಳುವುದು ಒಬ್ಬ ದಪ್ಪನೆಯ ಕರಿಯ ಹೆಂಗಸು. ಆಕೆಯೇ ತಂದೆಯಾದ ದೇವರು! ಅಡಿಗೆಮನೆ ಆಕೆಯದು. ಯೇಸು ಬಡಿಗ. ಪವಿತ್ರಾತ್ಮ ಏಷ್ಯಾದ ಹೆಣ್ಣು, ತೋಟದ ಕೆಲಸದವಳು, ಹೆಸರು ಸರಯೂ. ನಮ್ಮ ಹೊಳೆಯ ಹೆಸರು ಅಲ್ಲಿಗೆ ಹೇಗೆ ಹೋಯಿತೋ.

ಅಮೆರಿಕದಲ್ಲಿ ದೊಡ್ಡ ಜಗಳವೇ ಆಯಿತು. ಯೂಜೀನ್ ಪೀಟರ್ಸನ್ ಎಂಬ ಹೆಸರಾಂತ ಬೈಬಲ್ ಅನುವಾದಕ ಇದನ್ನು ಬನ್ಯನ್ನನ ಕೃತಿಗೆ, ನಮ್ಮಲ್ಲಿ 'ಯಾತ್ರಿಕನ ಸಂಚಾರ'ವಾಗಿ ಬಂದ ಕೃತಿಗೆ ಹೋಲಿಸಿದ. ಬ್ಯಾಪ್ಟಿಸ್ಟರ ಪಂಡಿತ ಆಲ್ಬರ್ಟ್ ಮೊಹ್ಲರ್ ಇದು ಧರ್ಮಬಾಹಿರ ಎಂದ. ಮಕ್ಕಳನ್ನು ಕಳಕೊಂಡ ಎಷ್ಟೋ ತಾಯಂದಿರು ಓದಿ ಅತ್ತು ಹಗುರಾದರು. ಆ ಅಳುವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಜಗಳವೆಲ್ಲ ನಡೆದದ್ದು ಹೆಚ್ಚಾಗಿ ದೇವರ ಮುಖದ ಮೇಲೆ: ಹೆಣ್ಣಾಗಬಹುದೇ, ಕರಿಯಳಾಗಬಹುದೇ?

ನಮ್ಮ ಕೇರಿಯಲ್ಲಿ ಈ ಪ್ರಶ್ನೆಗೆ ಯಾರೂ ಬೆಚ್ಚಿಬೀಳಲಿಲ್ಲ. ಹುಲಿಗೆಮ್ಮ, ದುರುಗಮ್ಮ, ಮಾರೆಮ್ಮ ಎಲ್ಲರೂ ಹೆಣ್ಣೇ, ಬಹಳ ಮಂದಿ ಕರಿಯರೇ. ಮೈಮೇಲೆ ಬಂದರೆ 'ದೇವ್ರು ಬಂತು' ಅಂತೀವಿ. ಬಂದನು ಅನ್ನಂಗಿಲ್ಲ, ಬಂದಳು ಅನ್ನಂಗಿಲ್ಲ. ಇದೇ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ನಮ್ಮ ಕೈಗೆ ಬಂದ ಬೈಬಲ್ಲಿನಲ್ಲಿ 'ದೇವರು' ಎಂಬ ಬಹುವಚನದ ಕೊನೆಗೆ 'ದನು' ಎಂಬ ಕ್ರಿಯಾಪದ ಕೂತಿದೆ. ಗಂಡಿನ ಮೀಸೆಯನ್ನು ವ್ಯಾಕರಣವೇ ಅಂಟಿಸಿತು. ಮೇಷ್ಟ್ರು ಕತೆ ಹೇಳುವಾಗ ನಾಲ್ಕು ದಿನ ತಡವರಿಸಿದರು, ಕಡೆಗೆ 'ದೇವ್ರು ಅಂತು' ಎಂದೇ ಹೇಳತೊಡಗಿದರು.

ನಾಟಿ ಹಚ್ಚಿ ಬಂದು ಕೂತಿದ್ದ ಒಬ್ಬ ಮುದುಕಿ ಮಾತ್ರ ಕತೆಯನ್ನು ನಿಲ್ಲಿಸಿ ಕೇಳಿದಳು: 'ಅದಿರ್ಲಿ ಸಾರ್, ಆಕಿ ಮಾಡಿದ್ದನ್ನ ಆ ಬಿಳಿ ಮನಷ್ಯಾ ಉಂಡ್ನಾ?'

ಉಂಡ, ಮೂರೂ ದೇವರ ಜೊತೆ ಒಂದೇ ಮೇಜಿಗೆ ಕೂತು ಉಂಡ ಎಂದರು ಮೇಷ್ಟ್ರು. ಮುದುಕಿ ನಂಬಿದಂತೆ ಕಾಣಲಿಲ್ಲ.

ಸಾವಿರಾರು ಪುಟ ಬರೆದ ಪಂಡಿತರು ಕೇಳದ ಪ್ರಶ್ನೆ ಇದು ಎಂದು ನಮಗೆ ಅನ್ನಿಸಿತು. ಶಾಲೆಯ ಬಿಸಿಯೂಟ ನಮ್ಮ ಜಿಲ್ಲೆಗೆ 2002ರಲ್ಲೇ ಬಂತು. ಅಡಿಗೆಯಾಕಿ ನಮ್ಮ ಕೇರಿಯವಳೆಂದು ಮಕ್ಕಳನ್ನು ಉಣ್ಣಬಿಡದ ಊರುಗಳು ಈ ರಾಜ್ಯದಲ್ಲಿ ಎಷ್ಟಿವೆ ಎಂಬುದನ್ನು ಇದನ್ನು ಓದುವ ಮೇಷ್ಟ್ರುಗಳಿಗೆ ನಾವು ಹೇಳಬೇಕೇ? ಅಂಥ ಕಡೆ ನಿಂತು ನೋಡಿದರೆ ಕಾದಂಬರಿಯ ಊಟದ ಮೇಜು ಸಣ್ಣ ಸಂಗತಿಯಲ್ಲ.

ಇಲ್ಲಿ ನಮ್ಮ ಗುಂಪು ಎರಡಾಯಿತು. ಕಾಲೇಜು ಹುಡುಗಿಯೊಬ್ಬಳು ಸಿಟ್ಟಾದಳು. ದೇವರಾದರೂ ಕರಿಯಳಿಗೆ ಅಡಿಗೆಮನೆ ತಪ್ಪಲಿಲ್ಲವಲ್ಲ, ಏಷ್ಯಾದವಳಿಗೆ ತೋಟದ ಕೂಲಿ ತಪ್ಪಲಿಲ್ಲವಲ್ಲ, ಬಿಳಿಯ ಬಂದು ಕೂತು ದುಃಖಪಡುತ್ತಾನೆ, ಬಣ್ಣದವರೆಲ್ಲ ಅವನ ಚಾಕರಿ ಮಾಡುತ್ತಾರೆ, ಇದ್ಯಾವ ಬಂಡಾಯ ಎಂದಳು. ಇನ್ನೊಂದು ಕಡೆಯವರು, ದುಡಿಯುವ ಕೈಯನ್ನೇ ದೇವರು ಮಾಡಿದ್ದಾನಲ್ಲ, ಕೂತು ತಿನ್ನುವ ದೇವರನ್ನು ನೋಡಿ ನೋಡಿ ಸಾಕಾಗೈತಿ ಎಂದರು. 1980ರ ದಶಕದ ಮೊದಲಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ದೇವತಾಶಾಸ್ತ್ರ ಕಟ್ಟಲು ಹೊರಟಾಗ ಹೇಳಿದ್ದೂ ಇದೇ ದಿಕ್ಕಿನ ಮಾತು: ದೇವರು ಸೇವಕ, ಬಟ್ಟೆ ಒಗೆಯುವವನು, ಕಸ ಬಳಿಯುವವನು. ನಮಗೆ ಆ ಮಾತಿನ ಬಗ್ಗೆ ಗೌರವವಿದೆ. ಹೆದರಿಕೆಯೂ ಇದೆ. ಚಾಕರಿಗೆ ದೈವತ್ವ ಹಚ್ಚಿದರೆ ಚಾಕರಿ ಬಿಡಿಸುವವರು ಯಾರು? ನಾವು ಹುಡುಗಿಯ ಪಕ್ಷ.

ಹೆಣ್ಣುದೇವರಿದ್ದ ಮಾತ್ರಕ್ಕೆ ಹೆಣ್ಣು ಬದುಕಿದಳೆಂದೂ ಇಲ್ಲ. ಎಲ್ಲಮ್ಮ, ಹುಲಿಗೆಮ್ಮರ ಹೆಸರಲ್ಲೇ ನಮ್ಮ ಕೇರಿಯ ಹುಡುಗಿಯರಿಗೆ ಮುತ್ತು ಕಟ್ಟಿದರು. 1982ರ ಕಾಯ್ದೆ ಬಂದ ಮೇಲೂ ಕದ್ದುಮುಚ್ಚಿ ಕಟ್ಟಿದರು.

ಹಾಗೆಂದು ಮುಖದ ಪ್ರಶ್ನೆ ಪೂರಾ ಸುಳ್ಳಲ್ಲ. 2007ರಲ್ಲಿ ಬಂಜಗೆರೆ ಜಯಪ್ರಕಾಶರು 'ಆನು ದೇವಾ ಹೊರಗಣವನು' ಪುಸ್ತಕದಲ್ಲಿ ಬಸವಣ್ಣ ಮಾದಿಗ ಮೂಲದವನಿರಬೇಕು ಎಂದು ವಾದಿಸಿದಾಗ ನಾಡಿನಲ್ಲಿ ಬೀದಿ ಜಗಳವಾಯಿತು. ಅದು ಕಾದಂಬರಿಯಲ್ಲ, ಸಂಶೋಧನೆಯ ವಾದ, ಒಪ್ಪಬಹುದು, ಬಿಡಬಹುದು. ಆದರೆ ಮಾದಿಗ ಅಂದದ್ದು ಬಸವಣ್ಣನಿಗೆ ಅವಮಾನ ಹೇಗಾಯಿತು? ಹಾಗಂದವರ ಎದುರಿಗೆ ಮಾದಿಗರು ಕೂತಿದ್ದರಲ್ಲ, ಅವರ ಮುಖವನ್ನು ಯಾರಾದರೂ ನೋಡಿದರೇ? ಅದಕ್ಕೆ ಹತ್ತು ವರ್ಷ ಮೊದಲು, 1997ರಲ್ಲಿ, ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪನವರು ಮತ್ತಿತರರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 2007ರಲ್ಲಿ ಸರ್ಕಾರದ ಕಡೆಯೇ ತೀರ್ಪು ಕೊಟ್ಟಿತು. 2013ರಲ್ಲಿ ಗಣಪತಿಯನ್ನು ಕಾಡಿನ ಮನುಷ್ಯನನ್ನಾಗಿ ಕಲ್ಪಿಸಿದ 'ಢುಂಢಿ'ಗಾಗಿ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು. ದೇವರನ್ನು ಮೇಲಕ್ಕೆ ಎಷ್ಟು ಬೇಕಾದರೂ ಏರಿಸಿ, ಯಾರೂ ಕೇಳುವುದಿಲ್ಲ. ಕೆಳಗಿನ ಕೇರಿಗೆ ಕರಕೊಂಡು ಬಂದರೆ ಪೊಲೀಸರು ಬರುತ್ತಾರೆ.

ಇನ್ನು ಕಾದಂಬರಿಯ ಕೊನೆಯ ಭಾಗ. ನಮ್ಮ ಸಂಜೆಗಳು ಮುರಿದದ್ದು ಇಲ್ಲಿ.

ಮಗಳ ಹೆಣ ತೋರಿಸುವ ದಿನ ದೇವರು ರೂಪ ಬದಲಿಸಿ ನರೆತ ಕೂದಲಿನ ಗಂಡಸಾಗಿ ಬರುತ್ತದೆ. ಇವತ್ತು ನಿನಗೆ ತಂದೆ ಬೇಕು ಎನ್ನುತ್ತದೆ. ಕಷ್ಟದ ಕೆಲಸಕ್ಕೆ ಹೆಂಗಸು ಸಾಲಲಿಲ್ಲವೇ ಎಂದು ಹುಡುಗಿ ಮತ್ತೆ ಸಿಟ್ಟಾದಳು. ಅದಕ್ಕಿಂತ ದೊಡ್ಡದು, ಕೊಲೆಗಾರನನ್ನು ಕ್ಷಮಿಸು ಎಂದು ದೇವರು ಕೇಳುವುದು. ಮ್ಯಾಕ್ ಕ್ಷಮಿಸುತ್ತಾನೆ. ಯಂಗ್ ಮೋಸಗಾರನಲ್ಲ, ಅದನ್ನು ಹೇಳಲೇಬೇಕು: ಕ್ಷಮೆ ಎಂದರೆ ಮರೆಯುವುದಲ್ಲ ಎನ್ನುತ್ತಾನೆ, ಕಡೆಗೆ ಪೊಲೀಸರು ಕೊಲೆಗಾರನನ್ನು ಹಿಡಿಯುವಂತೆಯೂ ಬರೆದಿದ್ದಾನೆ. ಆದರೆ ಅವನ ಕೊಲೆಗಾರ ಎಲ್ಲಿಂದಲೋ ಬಂದ ಅಪರಿಚಿತ. ಪೊಲೀಸರು ಮ್ಯಾಕನ ಮಾತನ್ನು ಕೇಳುತ್ತಾರೆ. ನಮ್ಮಲ್ಲಿ ಹೊಡೆದವನ ಹೊಲಕ್ಕೇ ನಾಳೆ ಕೂಲಿಗೆ ಹೋಗಬೇಕು.

ಕೋಲಾರದ ಕಡೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ಮಂದಿ ದಲಿತರನ್ನು ಸುಟ್ಟರು; ಆರೋಪಿಗಳು ಬಿಡುಗಡೆಯಾದರು. ಹೊಳೆಯಾಚೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಈ ಹತ್ತು ವರ್ಷದಲ್ಲಿ ಸಾಕ್ಷಿ ಹೇಳಿದವರು ಗಟ್ಟಿ ನಿಂತದ್ದು ಹೇಗೆ ಎಂದು ಕೇರಿಯವರಿಗೆ ಗೊತ್ತು. ಇಂಥ ಕೇಸುಗಳಲ್ಲಿ 'ಕ್ಷಮಿಸಿಬಿಡ್ರಿ' ಎನ್ನುತ್ತಾ ಮೊದಲು ಮನೆಗೆ ಬರುವವರು ರಾಜಿ ಪಂಚಾಯ್ತಿಯವರು. ಅವರ ಬಾಯಲ್ಲಿ ಈ ಶಬ್ದ ಕೇಳಿ ಕೇಳಿ ಸುಟ್ಟುಕೊಂಡವರಿಗೆ ಈ ದೇವರ ಬಾಯಲ್ಲಿ ಅದೇ ಶಬ್ದ ಬಂದಾಗ ಏನನ್ನಿಸಬೇಕು? ಕೊರಳಪಟ್ಟಿ ನಮ್ಮ ಕೈಗೆ ಸಿಕ್ಕ ಮೇಲಲ್ಲವೇ ಬಿಡುವ ಮಾತು?

ಹೀಗೆಂದಾಗ ಚರ್ಚಿಗೆ ಹೋಗುವ ಒಬ್ಬ ತಾಯಿ ಒಪ್ಪಲಿಲ್ಲ. ಆಕೆಯ ಮಗ ಸತ್ತು ಹನ್ನೊಂದು ವರ್ಷ. 'ನೀವು ಕೇಸಿನ ಮಾತಾಡ್ತೀರಿ, ನಾ ರಾತ್ರಿ ನಿದ್ದಿ ಮಾತಾಡ್ತೀನಿ' ಅಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕೊನೆಯ ಎರಡು ಅಧ್ಯಾಯ ಇನ್ನೂ ಹೇಳುವುದು ಉಳಿದಿದೆ. ನಾಟಿ ಮುಗಿದ ಮೇಲೆ ಹೇಳ್ರಿ, ಆ ತಾಯಿನೂ ಕರೀರಿ ಎಂದು ಮುದುಕಿ ಮೇಷ್ಟ್ರಿಗೆ ಹೇಳಿ ಕಳಿಸಿದ್ದಾಳೆ.