ಬರೆಸಿಕೊಂಡ ರಾಜೀನಾಮೆ

ನಷ್ಟದಲ್ಲಿರುವ ಸಾಫ್ಟ್‌ವೇರ್ ಕಂಪನಿಗಳು ನೌಕರರನ್ನು ಹೊರಗೆ ಕಳುಹಿಸುವಾಗ ಅವರಿಂದಲೇ ರಾಜೀನಾಮೆ ಬರೆಸಿಕೊಳ್ಳುವ ಪದ್ಧತಿಗೆ ಉದ್ಯಮದ ವಲಯದಲ್ಲಿ ಸೌಜನ್ಯದ ನಡೆಯೆಂಬ ಹೆಸರಿದೆ. ವಜಾ ಆದ ಕಳಂಕ ತಪ್ಪುತ್ತದೆ, ಮುಂದಿನ ನೌಕರಿಗೆ ಅಡ್ಡಿಯಾಗದು ಎಂಬುದು ಅದರ ಸಮರ್ಥಕರ ವಾದ. ಪದ್ಧತಿಯನ್ನು ಹತ್ತಿರದಿಂದ ಪರಿಶೀಲಿಸಿದರೆ ಈ ಹೆಸರು ಅದಕ್ಕೆ ಸಲ್ಲದೆಂಬುದು ಸ್ಪಷ್ಟವಾಗುತ್ತದೆ.

ಕಂಪನಿ ಸೊರಗುವ ಬಗೆ ತಿಳಿದದ್ದೇ: ವಿದೇಶಿ ಗಿರಾಕಿ ಕರಾರು ಮುಂದುವರಿಸುವುದಿಲ್ಲ, ಪ್ರಾಜೆಕ್ಟ್ ಇಲ್ಲದೆ ಸಂಬಳ ಪಡೆಯುತ್ತ ಕಾಯುವ ಸ್ಥಿತಿಯಾದ ‘ಬೆಂಚ್’ ತುಂಬುತ್ತದೆ, ಸಂಬಳದ ದಿನ ಮುಂದೆ ಹೋಗುತ್ತದೆ. ಹೂವಿನಹಡಗಲಿಯಲ್ಲಿ 2007ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾದ ಮೇಲೆ ಮಲ್ಲಿಗೆಗೆ ಹೆಸರಾದ ಈ ತಾಲ್ಲೂಕಿಗೂ ಬೆಂಗಳೂರಿನ ಬೆಂಚ್ ದೂರದ ಸಂಗತಿಯಾಗಿ ಉಳಿದಿಲ್ಲ. ಇದೇ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ ನುಡಿಯುವ ಒಂದು ಸಾಲಿನ ಕಾರ್ಣಿಕವನ್ನು ಮಳೆಗೊಬ್ಬರು, ರಾಜಕೀಯಕ್ಕೊಬ್ಬರು ಅನ್ವಯಿಸಿಕೊಳ್ಳುವಂತೆ, ಎಲ್ಲ ನೌಕರರನ್ನೂ ಕೂಡಿಸುವ ‘ಟೌನ್‌ಹಾಲ್’ ಸಭೆಯಲ್ಲಿ ಮುಖ್ಯಸ್ಥರು ಆಡಿದ ಮಾತಿಗೆ ಬೆಂಚಿನವರು ವಾರಗಟ್ಟಲೆ ಅರ್ಥ ಹಚ್ಚುತ್ತಾರೆ. ಅದಕ್ಕಿಂತ ನಂಬಲರ್ಹವಾದ ಸೂಚನೆ ಮೊಬೈಲಿನ ಪಿಎಫ್ ಪಾಸ್‌ಬುಕ್ಕಿನಲ್ಲಿರುತ್ತದೆ: ಸಂಬಳದಲ್ಲಿ ಮುರಿದುಕೊಂಡ ಹಣ ಮರುತಿಂಗಳ 15ರೊಳಗೆ ಜಮೆಯಾಗಬೇಕಾಗಿದ್ದು, ಅದು ಆಗಿಲ್ಲವೆಂದರೆ ಸಭೆಯ ಭರವಸೆಗಳನ್ನು ಅಷ್ಟಕ್ಕೇ ಬಿಡಬಹುದು.

ಅನಂತರದ್ದು ಎಚ್‌ಆರ್ ಕೊಠಡಿ. ಅಲ್ಲಿ ನೌಕರನ ಮುಂದೆ ಎರಡು ದಾರಿಗಳನ್ನು ಇಡಲಾಗುತ್ತದೆ: ಅಲ್ಲಿಯೇ ಕುಳಿತು ‘ವೈಯಕ್ತಿಕ ಕಾರಣ’ ಎಂದು ರಾಜೀನಾಮೆಯ ಮೇಲ್ ಕಳುಹಿಸಿದರೆ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಕ್ರಮಬದ್ಧವಾಗಿ ಬಿಡುಗಡೆಯಾದುದಕ್ಕೆ ಪತ್ರ, ಕೈಸೇರುತ್ತದೆ, ಒಪ್ಪದಿದ್ದರೆ ಕೆಲಸ ಸರಿಯಿಲ್ಲವೆಂಬ ಷರಾ ದಾಖಲಾಗುತ್ತದೆ. ಮುಂದಿನ ಕಂಪನಿಯವರು ಮೊದಲು ಕೇಳುವುದು ಆ ಪತ್ರವನ್ನೇ ಆದ್ದರಿಂದ, ಶೈಕ್ಷಣಿಕ ಸಾಲದ ಕಂತು ಇರುವವನು ಎರಡನೆಯ ದಾರಿಯನ್ನು ಹಿಡಿಯುವುದು ಅಪರೂಪ.

ಈ ಕೊಠಡಿಯ ಮೇಲೆ ಸರ್ಕಾರದ ಕಣ್ಣಿದೆಯೆಂದು ನಂಬಿಸಿದ ದಾಖಲೆ 2014ರ ಜನವರಿ 25ರ ಕರ್ನಾಟಕ ಸರ್ಕಾರದ ಅಧಿಸೂಚನೆ. ನೇಮಕ, ಶಿಸ್ತುಕ್ರಮ, ವಜಾ ಮುಂತಾದ ಸೇವಾ ನಿಯಮಗಳನ್ನು ಲಿಖಿತವಾಗಿ ಪ್ರಕಟಿಸಬೇಕೆಂದು ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮಾಹಿತಿ ತಂತ್ರಜ್ಞಾನ ಉದ್ಯಮಕ್ಕೆ ಅದು ಐದು ವರ್ಷಗಳ ವಿನಾಯಿತಿ ಕೊಟ್ಟಿತು. 2019ರಲ್ಲಿಯೂ 2024ರಲ್ಲಿಯೂ ವಿನಾಯಿತಿ ಮುಂದುವರಿಯಿತು. ಇದಕ್ಕೆ ಹಾಕಿದ ನಾಲ್ಕು ಷರತ್ತುಗಳಲ್ಲಿ ಮೂರನೆಯದು ಮುಖ್ಯವಾದುದು: ಅಮಾನತು, ಬಿಡುಗಡೆ, ಹಿಂಬಡ್ತಿ, ವಜಾ ಮೊದಲಾದ ಶಿಸ್ತುಕ್ರಮಗಳನ್ನು ಕಂಪನಿ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಪಟ್ಟಿ ಉದ್ದವಾಗಿಯೇ ಇದೆ. ಆದರೆ ಅದರಲ್ಲಿರುವುದೆಲ್ಲ ಕಂಪನಿ ತನ್ನ ಹೆಸರಿನಲ್ಲಿ ಕೈಗೊಳ್ಳುವ ಕ್ರಮಗಳು. ನೌಕರನ ಹೆಸರಿನಲ್ಲಿ ನಡೆಯುವ ನಿರ್ಗಮನ ಶಿಸ್ತುಕ್ರಮವೇ ಅಲ್ಲವಾದ್ದರಿಂದ ಅದನ್ನು ವರದಿ ಮಾಡುವ ಹೊಣೆಯಿಲ್ಲ. ನೂರು ಜನರನ್ನು ವಜಾ ಮಾಡಿದ ಕಂಪನಿ ನೂರು ಪ್ರಕರಣಗಳನ್ನು ತಿಳಿಸಬೇಕು. ನೂರು ರಾಜೀನಾಮೆ ಬರೆಸಿಕೊಂಡ ಕಂಪನಿ ಒಂದನ್ನೂ ತಿಳಿಸಬೇಕಾಗಿಲ್ಲ. ಹೀಗೆ ನಿಗಾ ಇಡಲೆಂದು ಬರೆದ ಷರತ್ತೇ ನಿಗಾದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತೋರಿಸಿಕೊಟ್ಟಿತು.

ಹಣದ ಲೆಕ್ಕವೂ ಇದೇ ಜಾಡಿನದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಎಫ್ ಕಲಮಿನಂತೆ, ವರ್ಷ ತುಂಬಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ನೋಟಿಸನ್ನೂ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನವನ್ನೂ ಕೊಡಬೇಕಾಗಿತ್ತು. ತಿಂಗಳಿಗೆ 50,000 ರೂಪಾಯಿಯ ಸಂಬಳದಲ್ಲಿ ನಾಲ್ಕು ವರ್ಷ ದುಡಿದವನಿಗೆ ಪರಿಹಾರವೇ ಸುಮಾರು ಒಂದು ಲಕ್ಷವಾಗುತ್ತದೆ. ರಾಜೀನಾಮೆ ಕೊಟ್ಟವನಿಗೆ ಈ ಹಕ್ಕಿಲ್ಲ. ಎರಡು ಸಾಲಿನ ಮೇಲ್ ಒಂದರಿಂದ ಕಂಪನಿಯ ಬಾಕಿ ನೌಕರನ ನಷ್ಟವಾಗುತ್ತದೆ.

ಸಾಫ್ಟ್‌ವೇರ್ ಎಂಜಿನಿಯರು ಕಾರ್ಮಿಕನೇ ಅಲ್ಲ, ಆದ್ದರಿಂದ ಈ ಚರ್ಚೆಯೇ ಅಸಂಗತ ಎಂದು ವಾದಿಸುವ ಅಂಕಣಕಾರರಿದ್ದಾರೆ. ಇವರು ಕಾಯ್ದೆಯನ್ನು ತೆರೆದು ನೋಡಿದಂತಿಲ್ಲ. ‘ವರ್ಕ್‌ಮನ್’ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸ ಸೇರಿಯೇ ಇದೆ. ಹೊರಗುಳಿದವರಲ್ಲಿ ಮುಖ್ಯವಾಗಿ ಬರುವವರು ಆಡಳಿತ ನಡೆಸುವವರು. ಇನ್ನು ಎಸಿ ಕೊಠಡಿ, ದೊಡ್ಡ ಸಂಬಳ ಎಂಬ ಮಾತುಗಳು ಕಾನೂನಿನ ವಾದಗಳಲ್ಲ, ಅಸೂಯೆಯ ಮಾತುಗಳು. ಸಂಬಳವೇ ಬಾರದ ತಿಂಗಳುಗಳ ಬಗ್ಗೆ ಅವಕ್ಕೆ ಹೇಳಲು ಏನೂ ಇಲ್ಲ. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ವಿನಾಯಿತಿಯನ್ನು ವಿರೋಧಿಸುತ್ತ ಬಂದಾಗಲೂ ಈ ಅಂಕಣಗಳು ಬಂಡವಾಳ ಓಡಿಹೋಗುತ್ತದೆಂಬ ಭಯವನ್ನೇ ಉತ್ತರವಾಗಿ ಕೊಟ್ಟವು.

ಅಧಿಸೂಚನೆ ಪೂರ್ಣ ನಿರರ್ಥಕವೆನ್ನಲಾಗದು. ನೌಕರರಿಗೂ ಸಮಾನ ಪ್ರಾತಿನಿಧ್ಯವಿರುವ ಕುಂದುಕೊರತೆ ಸಮಿತಿಯ ಷರತ್ತು ಒಳ್ಳೆಯದೇ. ಆದರೆ ಬಾಗಿಲು ಮುಚ್ಚಲಿರುವ ಕಂಪನಿಯಲ್ಲಿ ಆ ಸಮಿತಿಯ ಸದಸ್ಯನೂ ಅದೇ ಬೆಂಚಿನ ಮೇಲಿರುತ್ತಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಹಳೆಯ ಕಾಯ್ದೆಗಳ ಸ್ಥಾನಕ್ಕೆ ಬಂದಿದ್ದು, ಸ್ಥಾಯಿ ಆದೇಶಗಳನ್ನು 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸಿದೆ. ಮೊದಲು ಕುಸಿಯುವ ಸಣ್ಣ ಕಂಪನಿಗಳಿಗೆ ಇನ್ನು ವಿನಾಯಿತಿಯನ್ನು ಕೇಳುವ ಅಗತ್ಯವೂ ಇಲ್ಲ.