ಹತ್ತು ಲೀಟರಿನ ರಾಜಸ್ನಾನ

ಹೋದ ವಾರ ಬ್ಯಾಟರಿ ಪುರಾಣ ಮುಗಿಸುವಾಗ, ಮುಂದಿನ ಕಂತಿನಲ್ಲಿ ಗಾಲಿಮನೆಗೆ ಯಾವ ಶವರ್ ಹೆಡ್ ವಾಸಿ ಎಂದು ಬರೆಯುವ ಮಾತು ಕೊಟ್ಟಿದ್ದೆ. ಮೂರು ಬಗೆಯವು ಮೇಜಿನ ಮೇಲೆ ಬಂದು ಕೂತೂ ಇವೆ. ಆದರೆ ಮಂತ್ರಾಲಯದಿಂದ ಆದೋನಿ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಬರುವಾಗ ರಾರಾವಿಯಲ್ಲಿ, ಹಗರಿ ಹೊಳೆಯ ಸೇತುವೆಯ ಆಸುಪಾಸಿನಲ್ಲಿ ರಾತ್ರಿ ಬಿಡಾರ ಹೂಡಿದ್ದರಿಂದ ಬರಹ ಬೇರೆ ದಾರಿ ಹಿಡಿದಿದೆ. ಶವರ್ ಹೆಡ್ಡಿನ ತೀರ್ಪಿಗಾಗಿಯೇ ಪುಟ ತಿರುಗಿಸಿದವರಿಗೆ ಒಂದೇ ಸಾಲು: ಮೂರನ್ನೂ ಬಿಚ್ಚಿಡಿ, ಬಕೆಟ್ ತನ್ನಿ.

ತೊಟ್ಟಿಯ ಲೆಕ್ಕ ಹಳೆಯ ಓದುಗರಿಗೆ ಬಾಯಿಪಾಠ. ನೂರು ಲೀಟರ್ ನೀರು ಎಂದರೆ ನೂರು ಕಿಲೋ ಹೊರೆ. ಮಿಂದ ನೀರು ಮಾಯವಾಗುವುದಿಲ್ಲ, ಕೆಳಗಿನ ಕೊಳೆನೀರಿನ ತೊಟ್ಟಿಗೆ ಇಳಿದು ನಮ್ಮ ಜೊತೆಗೇ ಬರುತ್ತದೆ. ಟ್ರೇಲರ್ ಪ್ರಯಾಣಕ್ಕೆ ಹೆಸರಾದ ಅಮೆರಿಕದಲ್ಲಿ ಕಾನೂನು ಶವರಿಗೆ ಹಾಕಿರುವ ಮಿತಿಯೇ ನಿಮಿಷಕ್ಕೆ ಸುಮಾರು 9.5 ಲೀಟರ್. ಎಂಟು ನಿಮಿಷ ಹಾಡು ಗುನುಗುತ್ತ ನಿಂತರೆ 76 ಲೀಟರ್ ಖಾಲಿ. ಇಬ್ಬರು ಮೀಯುವಷ್ಟರಲ್ಲಿ ಮೂರನೆಯವರು ಸೋಪು ಹಚ್ಚಿಕೊಂಡು ಕೂಗುತ್ತಿರುತ್ತಾರೆ.

ಇದಕ್ಕೆ ಶವರ್ ಪಂಥದವರ ಉತ್ತರ ನೌಕಾಪಡೆಯಿಂದ ಬಂದದ್ದು. ಮೈ ತೋಯಿಸು, ನಲ್ಲಿ ಕಟ್ಟು, ಸೋಪು ಹಚ್ಚು, ನಲ್ಲಿ ಬಿಡು, ತೊಳೆದುಕೊ. ಹತ್ತು ನಿಮಿಷದ ಧಾರಾಳ ಶವರಿಗೆ 230 ಲೀಟರ್ ಬೇಕಾದರೆ ಹಡಗಿನವರ ಈ ಪದ್ಧತಿಗೆ 11 ಲೀಟರ್ ಸಾಕು ಎಂದು ಅವರು ಎದೆ ತಟ್ಟಿ ಹೇಳುತ್ತಾರೆ. ಲೆಕ್ಕ ಸುಳ್ಳಲ್ಲ, ಸುಖ ಮಾತ್ರ ಸುಳ್ಳು. ನಲ್ಲಿ ಕಟ್ಟಿದ ಅರೆಗಳಿಗೆಯಲ್ಲಿ ಕೊಳವೆಯ ನೀರು ಆರುತ್ತದೆ. ಮತ್ತೆ ಬಿಟ್ಟಾಗ ಮೊದಲು ತಣ್ಣನೆಯದು ಬೆನ್ನಿಗೆ ಬಡಿಯುತ್ತದೆ, ಹಿಂದೆಯೇ ಸುಡುವುದು ಬರುತ್ತದೆ. ಬಿಸಿ ತಣ್ಣಗಿನ ಎರಡು ತಿರುಪುಗಳ ನಡುವೆ ಹದ ಹುಡುಕುವಷ್ಟರಲ್ಲಿ ಉಳಿಸಿದ ನೀರು ಬಚ್ಚಲು ಸೇರಿರುತ್ತದೆ. ಜಾಣರು ಆ ಮೊದಲ ತಣ್ಣೀರನ್ನು ಜಗ್ಗಿನಲ್ಲಿ ಹಿಡಿದು ಮತ್ತೆ ತೊಟ್ಟಿಗೆ ಸುರಿಯುತ್ತಾರೆ. ಇನ್ನೂ ಜಾಣರು ಪೂರ್ತಿ ಕಟ್ಟದೆ ಸಣ್ಣ ಧಾರೆ ಉಳಿಸುವ ಬಿರಡೆ ಕೊಳ್ಳುತ್ತಾರೆ. ಇಷ್ಟೆಲ್ಲ ಸರ್ಕಸ್ ಯಾಕೆ ಎಂದು ನಾನು ಕೇಳಿದರೆ ಹಳಬ ಎನ್ನುತ್ತಾರೆ.

ರಾರಾವಿಯಲ್ಲಿ ನಮ್ಮ ಪಕ್ಕ ನಿಂತದ್ದು ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೊರಟಿದ್ದ ಟ್ರಾಕ್ಟರ್. ಬೆಂಗಳೂರಿನಲ್ಲಿ ಈಗ ಟೆಂಪೋ ಟ್ರಾವೆಲರಿನ ಒಡಲಿಗೆ ಹಾಸಿಗೆ, ಒಲೆ, ಕಕ್ಕಸು ಕೂರಿಸಿ ಕ್ಯಾರವಾನ್ ಎಂದು ಬಾಡಿಗೆಗೆ ಕೊಡುತ್ತಾರೆ. ನಮ್ಮ ಸೀಮೆಯ ಅಸಲಿ ಗಾಲಿಮನೆ ಮಾತ್ರ ಟ್ರಾಕ್ಟರಿನ ಟ್ರಾಲಿಯೇ. ಬಿದಿರು ಬಗ್ಗಿಸಿ ಕಮಾನು, ಮೇಲೆ ತಾಡಪತ್ರಿ, ಕೆಳಗೆ ನೆಲ್ಲುಹುಲ್ಲಿನ ಹಾಸು. ಹಿಂಬದಿಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ 200 ಲೀಟರಿನ ನೀಲಿ ಬ್ಯಾರಲ್ಲು, ಅದಕ್ಕೆ ಸುತ್ತಿದ ಒದ್ದೆ ಗೋಣಿಚೀಲ. ಬೆಳಗಿನ ಜಾವ ಟ್ರಾಲಿಗೂ ಜಾಲಿ ಗಿಡಕ್ಕೂ ಎರಡು ಸೀರೆ ಕಟ್ಟಿದರು, ಒಂದು ಚಪ್ಪಡಿ ಹಾಕಿದರು, ಬಚ್ಚಲು ಸಿದ್ಧ. ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರ ಸ್ನಾನ ಮುಗಿದರೂ ಬ್ಯಾರಲ್ಲು ಅರ್ಧಕ್ಕಿಳಿದಿರಲಿಲ್ಲ.

“ಯವ್ವಾ, ಇಷ್ಟು ಮಂದಿಗೆ ಇಷ್ಟು ನೀರು ಹೆಂಗ ಸಾಲ್ತೈತಿ?” ಎಂದು ಕೇಳಿದೆ.

ಅಜ್ಜಿ ತಲೆಯೊರೆಸಿಕೊಳ್ಳುತ್ತಲೇ ಹೇಳಿದಳು: “ಯಪ್ಪಾ, ಬಕೀಟಿನ ತಳ ಕಾಣಾಕ ಹತ್ತಿದ್ರ ಕೈ ತಾನ ಸಣ್ಣದಾಗತೈತಿ. ನಿಮ್ಮ ನಳಕ್ಕ ತಳ ಎಲ್ಲೈತಿ?”

ಇಷ್ಟು ವರ್ಷ ಈ ಅಂಕಣದಲ್ಲಿ ನಾನು ಸುತ್ತಿ ಬಳಸಿ ಹೇಳುತ್ತ ಬಂದದ್ದು ಈ ಮಾತನ್ನೇ. ಶವರಿನ ದೊಡ್ಡ ದೋಷ ನೀರು ಹೆಚ್ಚು ಸುರಿಯುತ್ತದೆ ಎನ್ನುವುದಲ್ಲ, ಎಷ್ಟು ಸುರಿಯಿತು ಎಂಬುದನ್ನು ಕಣ್ಣಿಗೆ ತೋರಿಸುವುದಿಲ್ಲ ಎನ್ನುವುದು. ಬಕೆಟ್ಟಿನಲ್ಲಿ ಇದ್ದದ್ದೆಲ್ಲ ಎದುರಿಗೇ ಇರುತ್ತದೆ. ಉಳಿತಾಯಕ್ಕೆ ವೈರಾಗ್ಯ ಬೇಡ, ಕಣ್ಣು ಸಾಕು.

ಸುಖದ ಮಾತಿಗೆ ಬರುತ್ತೇನೆ, ಜಗಳ ಇರುವುದೇ ಅಲ್ಲಿ. ಬಕೆಟ್ಟಿನಲ್ಲಿ ಹದ ಒಮ್ಮೆಗೇ ಆಗುತ್ತದೆ. ಚಳಿಗಾಲದ ಬೆಳಿಗ್ಗೆ ಎಂಟು ಲೀಟರ್ ತಣ್ಣೀರು ಮೊದಲು ಹಾಕಿ, ಅದು 25 ಡಿಗ್ರಿ ಇದ್ದರೆ, ಮೇಲೆ ಎರಡು ಲೀಟರ್ ಕುದಿನೀರು ಬೆರೆಸಿ: ಹತ್ತು ಲೀಟರ್, 40 ಡಿಗ್ರಿ, ಒಂದು ಹನಿ ನಷ್ಟವಿಲ್ಲ. ಎರಡು ಲೀಟರ್ ಕಾಯಿಸಲು ಚಹಾದ ಒಲೆ ಸಾಕು, ಗೀಸರಿನ ಹಂಗಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಕುದಿನೀರು ಮೊದಲು ಸುರಿಯುವವರಿಗೆ ನಾನು ಜವಾಬ್ದಾರನಲ್ಲ.

ಎರಡನೆಯದು, ಕೂರಬೇಕು. ಗಾಲಿಮನೆಯ ಬಚ್ಚಲು ಮೊಣಕೈ ಆಡಿಸಲೂ ಆಗದಷ್ಟು ಇಕ್ಕಟ್ಟು. ನಿಂತು ಮಿಂದರೆ ಅರ್ಧ ನೀರು ಗೋಡೆಗೆ ಹೋಗುತ್ತದೆ. ಮಣೆಯ ಮೇಲೆ ಕೂತು ನೆತ್ತಿಯಿಂದ ಸುರಿದುಕೊಂಡರೆ ಅದೇ ತಂಬಿಗೆ ನೀರು ತಲೆ, ಹೆಗಲು, ಬೆನ್ನು, ತೊಡೆ ಎಲ್ಲವನ್ನೂ ತೊಳೆದೇ ಕೆಳಗಿಳಿಯುತ್ತದೆ. ಮೈ ತೋಯಿಸಲು ಎರಡು ತಂಬಿಗೆ, ಒದ್ದೆ ಚೌಕದಲ್ಲಿ ಚೆನ್ನಾಗಿ ಉಜ್ಜಿಕೊಳ್ಳುವುದು, ಉಳಿದದ್ದೆಲ್ಲ ತೊಳೆಯಲು. ಕೊನೆಯ ಎರಡು ತಂಬಿಗೆಯನ್ನು ಸುಖಕ್ಕೆಂದೇ ಎತ್ತಿಟ್ಟು ಹೆಗಲ ಮೇಲೆ ನಿಧಾನ ಸುರಿದುಕೊಳ್ಳಿ. ಮೊಣಕಾಲು ನೋವಿನವರು, ಮಣೆಯಿಂದ ಏಳಲಾರದ ಹಿರಿಯರು ಮಡಚುವ ಕುರ್ಚಿ ಹಾಕಿಕೊಂಡು, ಹೆಬ್ಬೆರಳಿನಲ್ಲಿ ಒತ್ತಿ ನಿಲ್ಲಿಸುವ ಕೈ ಶವರ್ ಬಳಸಲಿ. ಅವರಿಗೆ ಮಾತ್ರ ನನ್ನ ಅಡ್ಡಿಯಿಲ್ಲ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿ ದಾಟುವುದು ಬಳ್ಳಾರಿ ಸೀಮೆಗೆ ಸುದ್ದಿಯೇ ಅಲ್ಲ. ಚಾವಣಿಯ ತೊಟ್ಟಿಯ ನೀರು ಮಧ್ಯಾಹ್ನ ಮೈ ಸುಡುತ್ತದೆ. ಗಾಲಿಮನೆಯ ನೆತ್ತಿಗೆ ಕಪ್ಪು ಪೈಪು ಕಟ್ಟಿ ಬಿಸಿಲಲ್ಲೇ ನೀರು ಕಾಯಿಸಿ ಎಂದು ವಿದೇಶಿ ಪುಸ್ತಕಗಳು ಹೇಳುವುದನ್ನು ಇಲ್ಲಿ ಮೇ ತಿಂಗಳಲ್ಲಿ ಪಾಲಿಸಿದರೆ ಬೊಬ್ಬೆ ಏಳುತ್ತದೆ. ಇಲ್ಲಿ ಬೇಕಾದದ್ದು ತಂಪು. ಅದಕ್ಕೇ ಆ ಬ್ಯಾರಲ್ಲಿಗೆ ಒದ್ದೆ ಗೋಣಿಚೀಲ. ಒಣಗಾಳಿಗೆ ಗೋಣಿಯ ನೀರು ಆರುವಾಗ ಒಳಗಿನ ಶಾಖವನ್ನೂ ಹೀರಿಕೊಂಡು ಹೋಗುತ್ತದೆ. ರಾತ್ರಿಯೇ ಬಕೆಟ್ ತುಂಬಿ ಬಯಲಿಗಿಟ್ಟರೆ ಬೆಳಿಗ್ಗೆಗೆ ಹಿತವಾದ ನೀರು ಸಿಗುತ್ತದೆ.

ಇನ್ನು ಸೋಪು. ಈ ಕಡೆಯ ಬೋರಿನ ನೀರು ಬಹಳ ಊರುಗಳಲ್ಲಿ ಉಪ್ಪು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಗುಟಾಗುತ್ತವೆ, ನೊರೆ ಬರುವುದಿಲ್ಲ, ತೊಳೆದಷ್ಟೂ ಮೈ ಅಂಟಂಟು. ತಂಬಿಗೆ ಮೇಲೆ ತಂಬಿಗೆ ವ್ಯರ್ಥ. ಹೆಸರುಹಿಟ್ಟಿಗೆ, ಸೀಗೆಪುಡಿಗೆ ಆ ಕಷ್ಟವಿಲ್ಲ. ಬ್ಯಾರಲ್ಲಿನ ಅಜ್ಜಿಯ ಸೆರಗಿನ ಗಂಟಿನಲ್ಲಿ ಇದ್ದದ್ದು ಹಿಟ್ಟೇ. ಊರೂರ ನೀರು ತುಂಬಿಸಿಕೊಳ್ಳುವ ಗಾಲಿಮನೆಗೆ ಇದಕ್ಕಿಂತ ಒಳ್ಳೆಯ ಸಾಬೂನಿಲ್ಲ.

ಹತ್ತು ಲೀಟರ್ ಎಂದ ಕೂಡಲೇ ಮೂಗು ಮುರಿಯುವವರು ಎರಡು ಸರ್ಕಾರಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ನಗರದವನಿಗೆ ದಿನಕ್ಕೆ 135 ಲೀಟರ್ ಬೇಕೆಂದು ಭಾರತೀಯ ಮಾನಕದ ಲೆಕ್ಕ, ಅದರಲ್ಲಿ ಸ್ನಾನದ ಪಾಲೇ 55 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಂದು ತಲೆಗೆ ಇಡೀ ದಿನಕ್ಕೆ ಗೊತ್ತು ಮಾಡಿರುವುದೂ 55 ಲೀಟರೇ. ಕುಡಿಯುವುದು, ಅಡಿಗೆ, ಬಟ್ಟೆ, ಪಾತ್ರೆ, ಸ್ನಾನ ಎಲ್ಲ ಅದರಲ್ಲೇ. ಪ್ರವಾಸಕ್ಕೆ ಬಂದವನು ಇಂಥ ಊರಿನ ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿ ತುಂಬಿಸಿಕೊಂಡು ಶವರಿನ ಕೆಳಗೆ ನಿಂತರೆ, ಇನ್ನೊಬ್ಬರ ಒಂದು ದಿನವನ್ನು ತಲೆ ಮೇಲೆ ಸುರಿದುಕೊಂಡಂತೆ.

ಬಯಲಲ್ಲಿ ಬಿಡಾರ, ಬೇಸಿಗೆ, ನೀರು ಎಂದಾಗ ನಾನು ಹೋಗಿ ಬೀಳುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನ ಬರಹದ ಮೇಲೆ. ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಆ ಹಳೆಯ ಕಾಗದಗಳನ್ನು ಯುದ್ಧದ ಕಥೆಗಾಗಿ ಎಲ್ಲರೂ ಓದುತ್ತಾರೆ, ನಾನು ಬಚ್ಚಲಿಗಾಗಿ ಓದುತ್ತೇನೆ. 1520ರಲ್ಲಿ ಕೃಷ್ಣದೇವರಾಯನ ದಂಡು ರಾಯಚೂರಿಗೆ ಹೊರಟಿತು. ಯುದ್ಧ ನಡೆದದ್ದು ಮೇ 19ರಂದು ಎಂದು ಸೀವೆಲ್ಲನ ಗಣನೆ. ಮೇ ತಿಂಗಳಲ್ಲಿ ಈ ನೆಲದ ಮೇಲೆ ಲಕ್ಷಗಟ್ಟಲೆ ಜನ, ಆನೆ, ಕುದುರೆ ನಡೆಸುವುದು ಎಂದರೇನು, ಯೋಚಿಸಿ. ತೊಗಲ ಚೀಲ ಹೊತ್ತ ನೀರಾಳುಗಳೇ 12,000 ಮಂದಿ ಇದ್ದರಂತೆ. ತಮ್ಮದೇ ನೀರಾಳು ಇಲ್ಲದ ಬಡಪಾಯಿಗಳೂ ಬಾಯಾರಿ ಸಾಯಬಾರದೆಂದು ಅವರನ್ನು ದಾರಿಯುದ್ದಕ್ಕೂ ನಿಲ್ಲಿಸಿದ್ದರಂತೆ. ಫಿರಂಗಿ ಎಷ್ಟು, ಆನೆ ಎಷ್ಟು ಎಂದು ಚರಿತ್ರೆಕಾರರು ಕಿತ್ತಾಡಲಿ. ಆ ದಂಡಯಾತ್ರೆಯ ಬುದ್ಧಿ ಇದ್ದದ್ದು ಈ ತೊಗಲಚೀಲಗಳಲ್ಲಿ.

ಮುಂದೆ ಬಿಡಾರದ ವರ್ಣನೆ. ಡೇರೆಗಳ ಸಾಲು ಬೀದಿಗಳಂತೆ ಹಬ್ಬಿವೆ, ಬೇಕಾದ್ದೆಲ್ಲ ಸಿಗುವ ಪೇಟೆಯಿದೆ, ನಡುವೆ ರಾಯನ ಡೇರೆ. ಅದರ ಸುತ್ತ ಮುಳ್ಳಿನ ದೊಡ್ಡ ಬೇಲಿ, ಒಂದೇ ಬಾಗಿಲು, ಅಲ್ಲಿ ಕಾವಲು. ಆ ಬೇಲಿಯೊಳಗೆ ಯಾರಿಗೆ ಜಾಗ? ರಾಯನ ಸೇವೆಯ ಕೆಲವೇ ಜನ, ಅವರಲ್ಲಿ ನೂನಿಜ ಮೊದಲು ಹೆಸರಿಸುವುದು ರಾಯನಿಗೆ ಸ್ನಾನ ಮಾಡಿಸುವ ಬ್ರಾಹ್ಮಣನನ್ನು. ರಾಯನ ಜೊತೆ ಸದಾ ಸಾಗುವ ದೇವರ ವಿಗ್ರಹವೂ ಅವನದೇ ವಶದಲ್ಲಿ.

ಪಾಯಸ್ ಎಂಬ ಇನ್ನೊಬ್ಬ ಪೋರ್ಚುಗೀಸ ಕೃಷ್ಣದೇವರಾಯನ ಕಾಲದಲ್ಲೇ ರಾಜಧಾನಿಯಲ್ಲಿದ್ದ. ರಾಯನ ಮುಂಜಾವನ್ನು ಅವನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಮುಕ್ಕಾಲು ಪಿಂಟ್‌ನಷ್ಟು ಎಳ್ಳೆಣ್ಣೆ ಕುಡಿಯುತ್ತಾನೆ, ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಳ್ಳುತ್ತಾನೆ, ಭಾರ ಎತ್ತುತ್ತಾನೆ, ಕತ್ತಿ ತಿರುಗಿಸುತ್ತಾನೆ. ಹಚ್ಚಿದ ಎಣ್ಣೆಯೆಲ್ಲ ಬೆವರಿನಲ್ಲಿ ಇಳಿಯುವವರೆಗೆ ಬಿಡುವಿಲ್ಲ. ಆಮೇಲೆ ಪೈಲ್ವಾನನೊಂದಿಗೆ ಕುಸ್ತಿ, ಆಮೇಲೆ ಬೆಳಗಾಗುವವರೆಗೆ ಬಯಲಲ್ಲಿ ಕುದುರೆ ಓಟ, ಕಡೆಗೆ ಸ್ನಾನ. ನೀರಿನ ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು. ಎಣ್ಣೆಯನ್ನು ಬೆವರಲ್ಲೇ ಇಳಿಸಿ ಬಂದವನಿಗೆ ತೊಳೆಯಲು ಉಳಿಯುವುದೇನು ಹೆಚ್ಚಿಲ್ಲ. ನಾವು ಭಾನುವಾರ ಎಣ್ಣೆ ಹಚ್ಚಿಕೊಂಡು ಟಿವಿ ಮುಂದೆ ಕೂತು, ಆಮೇಲೆ ಎರಡು ಹಂಡೆ ಬಿಸಿನೀರು ಖರ್ಚು ಮಾಡುತ್ತೇವೆ.

ತಂಬಿಗೆ ಹಿಂದುಳಿದವರದು ಎನ್ನುವ ಬೆಂಗಳೂರಿನ ನನ್ನ ಹಳೆಯ ಎದುರಾಳಿಗೆ ಒಂದು ಮಾತು ಬಾಕಿಯಿದೆ. 1973ರಲ್ಲಿ ಅಮೆರಿಕದವರು ಹಾರಿಸಿದ ಸ್ಕೈಲ್ಯಾಬಿನಲ್ಲಿ ಶವರ್ ಇತ್ತು. 1979ರಲ್ಲಿ ತಲೆ ಮೇಲೆ ಬೀಳುತ್ತದೆಂದು ನಾವೆಲ್ಲ ಹೆದರಿ ಕೂತಿದ್ದೆವಲ್ಲ, ಅದೇ. ಒಂದು ಸ್ನಾನಕ್ಕೆ ಅಲ್ಲಿ ಕೊಡುತ್ತಿದ್ದ ನೀರು ಮೂರು ಲೀಟರಿಗೂ ಕಡಿಮೆ, ಆದರೆ ತೇಲುವ ಹನಿಗಳನ್ನು ಹೀರಿ ತೆಗೆಯುವ ಪಾಡಿನಲ್ಲಿ ಗಗನಯಾತ್ರಿಗಳು ಸುಸ್ತಾದರು. ಈಗಿನ ಅಂತರಿಕ್ಷ ನಿಲ್ದಾಣದಲ್ಲಿ ಶವರೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಉಜ್ಜಿಕೊಳ್ಳುತ್ತಾರೆ. ನಮ್ಮ ಚೌಕ ಅಷ್ಟು ಎತ್ತರಕ್ಕೆ ಹೋಗಿದೆ. ಇನ್ನು ಸುಗಂಧದ ಒದ್ದೆ ಕಾಗದದಲ್ಲಿ ಒರೆಸಿಕೊಂಡು ಸ್ನಾನವಾಯಿತು ಎನ್ನುವವರ ಜೊತೆ ವಾದಕ್ಕಿಳಿಯಲು ನನಗೆ ಪುರುಸೊತ್ತಿಲ್ಲ.

ಹಗರಿಯ ಬಗ್ಗೆ ಹೇಳಿ ಮುಗಿಸುತ್ತೇನೆ. ವೇದಾವತಿ ಎಂದು ಬಾಬಾಬುಡನ್ ಬೆಟ್ಟದ ಕಡೆಯಿಂದ ಹೊರಟ ಈ ಹೊಳೆಯನ್ನು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ತಡೆಯುತ್ತದೆ, ಆಂಧ್ರದಲ್ಲಿ ಭೈರವಾನಿತಿಪ್ಪ ಅಣೆಕಟ್ಟು ಮತ್ತೆ ತಡೆಯುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಹಾಗಾಗಿ ರಾರಾವಿಯ ಸೇತುವೆಯ ಕೆಳಗೆ ವರ್ಷದ ಬಹುಕಾಲ ಕಾಣುವುದು ಮರಳು. ಇಂಥ ಹೊಳೆಯಲ್ಲಿ ನೀರಿರುವುದು ಮರಳಿನ ಅಡಿಯಲ್ಲಿ. ಜನ ವರ್ತಿ ತೋಡಿ ಅದನ್ನೇ ಮೊಗೆದುಕೊಳ್ಳುತ್ತಾರೆ.

ಆದ್ದರಿಂದ ಈ ದಾರಿಯಲ್ಲಿ ಗಾಲಿಮನೆ ತರುವವರಲ್ಲಿ ನನ್ನ ಮನವಿ: ಕೊಳೆನೀರಿನ ತೊಟ್ಟಿಯ ಬಿರಡೆಯನ್ನು ಹೊಳೆಯ ಮರಳಲ್ಲಿ, ಕಾಲುವೆಯ ದಂಡೆಯಲ್ಲಿ ಬಿಚ್ಚಬೇಡಿ. ಸೋಪಿನ ನೀರು ಸಿರುಗುಪ್ಪಕ್ಕೆ ಹೋಗಿ ಚರಂಡಿ ಸಿಗುವವರೆಗೆ ನಿಮ್ಮ ಜೊತೆಗೇ ಇರಲಿ. ಹತ್ತು ಲೀಟರಿನಲ್ಲಿ ಮಿಂದವರಿಗೆ ಅದು ಭಾರವಾಗುವುದಿಲ್ಲ. ಶವರ್ ಹೆಡ್ಡುಗಳು ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಮೂರನ್ನೂ ಪುಕ್ಕಟೆ ಕಳಿಸುತ್ತೇನೆ.